ಕಜ್ಜಾಯ: ಹಿಟ್ಟಿನ ತೇವ, ಪಾಕದ ಹದ

ದೀಪಾವಳಿ ಹತ್ತಿರ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಟ್ಟಿನ ಮಿಲ್ಲುಗಳ ಮುಂದೆ ನೆನೆಸಿದ ಅಕ್ಕಿಯ ಡಬ್ಬಿಗಳು ಸಾಲುಗಟ್ಟುತ್ತವೆ. ಕೇದಾರೇಶ್ವರನ ನೋಮು, ಅಂದರೆ ವ್ರತ, ಇರುವ ಮನೆಗಳಲ್ಲಿ ಕಜ್ಜಾಯವಿಲ್ಲದೆ ಪೂಜೆ ನಡೆಯುವುದಿಲ್ಲ. ನೋಮುದಾರದ ಜೊತೆ 21 ಕಜ್ಜಾಯ ಇಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಇಷ್ಟಾದರೂ ಇದನ್ನು ಮನೆಯಲ್ಲಿ ಮಾಡಲು ಹಿಂಜರಿಯುವವರು ಬಹಳ. ಚಕ್ಕುಲಿ, ನಿಪ್ಪಟ್ಟು, ಕರ್ಜಿಕಾಯಿ ಎಲ್ಲವನ್ನೂ ಸಲೀಸಾಗಿ ಮಾಡುವವರೂ ಕಜ್ಜಾಯದ ಮಾತು ಬಂದರೆ "ಪಾಕ ಕೈ ಕೊಟ್ಟರೆ?" ಎಂದು ಅಂಗಡಿಯಿಂದ ತರಿಸುತ್ತಾರೆ. ಆ ಭಯಕ್ಕೆ ಕಾರಣವಿದೆ. ಆದರೆ ಕಾರಣ ಗೊತ್ತಾದರೆ ಭಯ ಉಳಿಯುವುದಿಲ್ಲ.

ಕಜ್ಜಾಯದಲ್ಲಿ ಮುಖ್ಯವಾಗಿ ಇರುವುದು ಅಕ್ಕಿ, ಬೆಲ್ಲ ಎರಡೇ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಅಂಟು ತಾನೇ ಹಿಟ್ಟನ್ನು ಹಿಡಿದಿಡುತ್ತದೆ. ಅಕ್ಕಿ ಹಿಟ್ಟಿಗೆ ಆ ಗುಣವಿಲ್ಲ. ಕಾದ ಎಣ್ಣೆಯೊಳಗೆ ಬಿಟ್ಟ ಕಜ್ಜಾಯ ಚೆದುರದೆ ನಿಲ್ಲುವುದು ಬೆಲ್ಲದ ಪಾಕದ ಹಿಡಿತದಿಂದ. ಆ ಪಾಕದಲ್ಲಿ ನೀರು ಹೆಚ್ಚು ಉಳಿದಿದ್ದರೆ ಎಣ್ಣೆಯಲ್ಲೇ ಪುಡಿಪುಡಿಯಾಗುತ್ತದೆ. ನೀರು ತೀರಾ ಹೋಗಿದ್ದರೆ ಆರಿದ ಮೇಲೆ ಹಲ್ಲಿಗೆ ಬಗ್ಗುವುದಿಲ್ಲ. ಇದು ಒಂದು ಕಡೆಯ ನೀರು. ಇನ್ನೊಂದು ಕಡೆ ಹಿಟ್ಟಿನ ನೀರು ಇದೆ. ಅಕ್ಕಿ ಬೇಯಬೇಕಾದರೆ ನೀರು ಬೇಕು, ಗಟ್ಟಿ ಪಾಕದಿಂದ ಅದು ಸಿಗುವುದಿಲ್ಲ. ಆದ್ದರಿಂದ ಹಿಟ್ಟು ತನ್ನ ನೀರನ್ನು ತಾನೇ ಹೊತ್ತು ತರಬೇಕು. ಅಕ್ಕಿ ನೆನೆಸಿ, ತೇವ ಇರುವಾಗಲೇ ಬೀಸುವುದು ಇದಕ್ಕಾಗಿ. ಈ ಎರಡು ನೀರಿನ ಲೆಕ್ಕ ಸರಿಯಾದರೆ ಕಜ್ಜಾಯ ಮುಕ್ಕಾಲು ಪಾಲು ಮುಗಿದಂತೆ. ಎಣ್ಣೆಯ ಮುಂದೆ ಕೂರುವುದು ಕೊನೆಯ, ಸುಲಭದ ಕೆಲಸ.

ಅಳತೆ

ಸೇರು, ಪಾವು ಮನೆಯಿಂದ ಮನೆಗೆ ಬೇರೆ, ಹೊಸಬರಿಗೆ ತೂಕವೇ ಒಳ್ಳೆಯದು. ಒಂದು ಕೆಜಿ ಅಕ್ಕಿಗೆ 750 ಗ್ರಾಂ ಬೆಲ್ಲ, ಬೆಲ್ಲ ಕರಗಿಸಲು 200 ಮಿಲಿ ನೀರು, ಎರಡು ದೊಡ್ಡ ಚಮಚ ತುಪ್ಪ, ಎರಡು ಚಮಚ ಗಸಗಸೆ, ಎರಡು ಚಮಚ ಬಿಳಿ ಎಳ್ಳು, ಎಂಟು ಹತ್ತು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು. ಒಣಕೊಬ್ಬರಿ ಹಾಕುವವರು 75ರಿಂದ 100 ಗ್ರಾಂ ತುರಿದು ಹಾಕಬಹುದು. ತುಮಕೂರಿನ ಕಡೆಯವರಿಗೆ ತಿಪಟೂರಿನ ಕೊಬ್ಬರಿ ಕೈಗೆಟಕುವ ದೂರದಲ್ಲೇ ಇದೆ, ಬಿಡುವ ಮಾತೇ ಇಲ್ಲ. ಹಸಿ ತೆಂಗಿನಕಾಯಿ ಮಾತ್ರ ಬೇಡ. ಅದರ ನೀರು ಪಾಕದ ಲೆಕ್ಕ ಕೆಡಿಸುತ್ತದೆ, ಕಜ್ಜಾಯವೂ ಬೇಗ ಮುಗ್ಗಲು ಹಿಡಿಯುತ್ತದೆ.

ಈ ಅಳತೆಗೆ ಸುಮಾರು ಎರಡು ಕೆಜಿ ಹಿಟ್ಟು ಬರುತ್ತದೆ. ಒಂದೊಂದು ಉಂಡೆ 35 ಗ್ರಾಂ ಇಟ್ಟುಕೊಂಡರೆ 55ರಿಂದ 60 ಕಜ್ಜಾಯ. ನೋಮಿಗೆ 21 ಮಾತ್ರ ಬೇಕು ಎನ್ನುವವರು ಅರ್ಧ ಕೆಜಿ ಅಕ್ಕಿ ಹಾಕಿ. ಲೆಕ್ಕಕ್ಕೆ 400 ಗ್ರಾಂ ಸಾಕಾದರೂ ಮುರಿದದ್ದು, ಸೀದದ್ದು ಪೂಜೆಗೆ ಆಗುವುದಿಲ್ಲ. ಮೊದಲ ಸಲ ಮಾಡುವವರಿಗೂ ಅರ್ಧ ಕೆಜಿಯೇ ಸರಿ, ಪಾಕಕ್ಕೆ ಹಿಟ್ಟು ಬೆರೆಸುವಾಗ ಒಬ್ಬರ ಕೈಗೆ ನಿಲುಕುವಷ್ಟಿರುತ್ತದೆ.

ಬೆಲ್ಲ ಹೆಚ್ಚು ಹಾಕಿದರೆ ರುಚಿ ಹೆಚ್ಚುತ್ತದೆ ಎಂದು ಒಂದಕ್ಕೆ ಒಂದು ಹಾಕುವುದುಂಟು. ಅದು ಬೇಡ. ಹಿಟ್ಟಿನಲ್ಲಿ ಸಿಹಿ ಹೆಚ್ಚಿದಷ್ಟೂ ಅಕ್ಕಿಯ ಪಿಷ್ಟ ಬೇಯಲು ಹೆಚ್ಚು ಬಿಸಿ ಬೇಕಾಗುತ್ತದೆ. ಅದು ಬೇಯುವುದರೊಳಗೆ ಬೆಲ್ಲ ಎಣ್ಣೆಗೆ ಬಿಟ್ಟುಕೊಂಡು ಮೇಲ್ಮೈ ಕಪ್ಪಾಗುತ್ತದೆ. 700 ಗ್ರಾಂಗೆ ಇಳಿಸಿದರೂ ನಡೆಯುತ್ತದೆ, 800 ದಾಟಿಸಬಾರದು.

ಅಕ್ಕಿ ನೆನೆಸುವುದು, ಬೀಸುವುದು

ಕುಸುಬಲಕ್ಕಿ ಆಗುವುದಿಲ್ಲ, ಬಾಸುಮತಿಯೂ ಬೇಡ. ಸೋನಾ ಮಸೂರಿ ತರುವವರು ಚೀಲದ ಮೇಲೆ ರಾ ರೈಸ್ ಎಂದಿದೆಯೋ ಸ್ಟೀಮ್ ರೈಸ್ ಎಂದಿದೆಯೋ ನೋಡಿ. ಹಬೆ ಕೊಟ್ಟ ಅಕ್ಕಿಯ ಕಾಳು ಆಗಲೇ ಬಿಗಿಯಾಗಿರುತ್ತದೆ, ಎಷ್ಟು ನೆನೆದರೂ ಹಿಟ್ಟು ತರಿತರಿ ಬರುತ್ತದೆ. ದೋಸೆಗೆ ಬಳಸುವ ದಪ್ಪ ಅಕ್ಕಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಬೆಲೆಯೂ ಕಡಿಮೆ.

ಅಕ್ಕಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಿ. ಎಂಟು ಗಂಟೆ ಸಾಕು. ಅದಕ್ಕಿಂತ ಹೆಚ್ಚು ನೆನೆಸುವುದಾದರೆ ನಡುವೆ ನೀರು ಬದಲಿಸಬೇಕು, ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಬೆಳಿಗ್ಗೆ ಜಾಲರಿ ಬುಟ್ಟಿಗೆ ಬಗ್ಗಿಸಿ ಅರ್ಧ ಗಂಟೆ ನೀರು ಸೋರಲು ಬಿಡಿ. ಆಮೇಲೆ ಹತ್ತಿಯ ಪಂಚೆಯ ಮೇಲೆ ತೆಳ್ಳಗೆ ಹರವಿ. ಬಿಸಿಲು ಬೇಡ, ನೆರಳಿನಲ್ಲಿ, ಬೇಕಾದರೆ ಫ್ಯಾನಿನ ಕೆಳಗೆ. ಬಿಸಿಲಿಗೆ ಹಾಕಿದರೆ ಮೇಲಿನ ಕಾಳು ಒಣಗಿ ಕೆಳಗಿನದು ಒದ್ದೆಯಾಗೇ ಉಳಿಯುತ್ತದೆ, ಬೀಸಿದಾಗ ಅರ್ಧ ಪುಡಿ, ಅರ್ಧ ಅಂಟು.

ಎಷ್ಟು ಹೊತ್ತು ಆರಿಸಬೇಕು ಎನ್ನುವುದಕ್ಕೆ ಗಡಿಯಾರದ ಉತ್ತರವಿಲ್ಲ. ಒಣ ಹವೆಯಲ್ಲಿ ಅರ್ಧ ಗಂಟೆ ಸಾಕು. ನಮ್ಮ ಬಯಲುಸೀಮೆಯಲ್ಲಿ ದೀಪಾವಳಿ ಬರುವುದು ಹಿಂಗಾರಿನ ಮೋಡ, ಥಂಡಿಯ ಕಾಲದಲ್ಲಿ. ಜಡಿ ಹಿಡಿದಿದ್ದರೆ ಒಂದೂವರೆ ಗಂಟೆಯೂ ಬೇಕಾಗಬಹುದು. ಆದ್ದರಿಂದ ಕೈಯನ್ನು ಕೇಳಿ. ಒಂದು ಹಿಡಿ ಅಕ್ಕಿ ಮುಷ್ಟಿಯಲ್ಲಿ ಒತ್ತಿ ಬಿಡಿ. ಅಂಗೈಗೆ ನೀರು ಹತ್ತಬಾರದು, ನಾಲ್ಕಾರು ಕಾಳು ಅಂಟಿಕೊಂಡು ನಿಲ್ಲಬೇಕು, ಅಂಗೈಗೆ ತಣ್ಣಗೆ ತಾಕಬೇಕು. ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಟಕ್ಕೆನ್ನದೆ ಪುಡಿಯಾಗಬೇಕು. ತಕ್ಕಡಿ ಇದ್ದವರಿಗೆ ಇನ್ನೂ ಸುಲಭದ ಗುರುತಿದೆ: ಒಂದು ಕೆಜಿ ಒಣ ಅಕ್ಕಿ ನೆನೆದು ಆರಿದ ಮೇಲೆ 1.2 ಕೆಜಿ ಆಸುಪಾಸು ತೂಗಿದರೆ ಬೀಸಲು ಸರಿಯಾಗಿದೆ. 1.3 ತೂಗಿದರೆ ಇನ್ನೂ ಆರಬೇಕು, 1.1ಕ್ಕೆ ಇಳಿದಿದ್ದರೆ ಅತಿಯಾಗಿ ಒಣಗಿದೆ. ಒಣಗಿದ್ದಕ್ಕೆ ಒಂದೆರಡು ಹಿಡಿ ನೀರು ಚಿಮುಕಿಸಿ, ಕೈಯಾಡಿಸಿ, ಕಾಲು ಗಂಟೆ ಮುಚ್ಚಿಟ್ಟರೆ ಮತ್ತೆ ತೇವಕ್ಕೆ ಬರುತ್ತದೆ.

ಹೆಚ್ಚು ಮಾಡುವವರು ಮಿಲ್ಲಿಗೆ ಹಾಕಿಸುವುದೇ ಮೇಲು. ಹಸಿ ಅಕ್ಕಿಯನ್ನು ಎಲ್ಲ ಮಿಲ್ಲಿನವರೂ ಹಾಕುವುದಿಲ್ಲ, ಮೊದಲೇ ಕೇಳಿಕೊಳ್ಳಿ. ರಾಗಿ ಬೀಸಿದ ಹಿಂದೆಯೇ ಹಾಕಿಸಿದರೆ ಹಿಟ್ಟು ಕಂದಾಗುತ್ತದೆ, ಯಾರದಾದರೂ ಅಕ್ಕಿಯ ಹಿಂದೆ ಸರದಿ ಹಿಡಿಯಿರಿ. ಮಿಲ್ಲಿನಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಡಬ್ಬಿಯಲ್ಲೇ ಮುಚ್ಚಿಟ್ಟರೆ ಬೆವರಿ ಗಂಟು ಕಟ್ಟುತ್ತದೆ, ಮನೆಗೆ ಬಂದ ಕೂಡಲೇ ಜರಡಿ ಹಿಡಿದು ಬಿಡಿ. ಮಿಕ್ಸಿಯಲ್ಲಾದರೆ ಒಂದೊಂದು ಬಟ್ಟಲು ಹಾಕಿ ಪುಡಿಮಾಡಿ, ಸಣ್ಣ ಜರಡಿಯಲ್ಲಿ ಜರಡಿಸಿ, ಉಳಿದ ತರಿಯನ್ನು ಮತ್ತೆ ತಿರುಗಿಸಿ. ಕೊನೆಗೆ ಉಳಿಯುವ ಒಂದೆರಡು ಚಮಚ ತರಿ ಉಪ್ಪಿಟ್ಟಿಗಾಗಲಿ, ಕಜ್ಜಾಯಕ್ಕೆ ಬೇಡ. ತರಿ ಪಾಕವನ್ನು ಹೀರದು, ಬೇಯುವಾಗ ಅದರ ಸುತ್ತ ಎಣ್ಣೆ ನುಗ್ಗುತ್ತದೆ.

ಜರಡಿಸಿದ ಹಿಟ್ಟನ್ನು ಕೈಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ಮುಟ್ಟಿದರೆ ಪುಡಿಯಾಗಬೇಕು. ಅದನ್ನು ಪಾತ್ರೆಯಲ್ಲಿ ಒತ್ತಿ, ಮುಚ್ಚಿಡಿ, ಗಾಳಿಗೆ ತೇವ ಆರದಿರಲಿ. ಹಿಟ್ಟು ಆದ ದಿನವೇ ಪಾಕಕ್ಕೆ ಸೇರಬೇಕು. ಒದ್ದೆ ಹಿಟ್ಟು ಮರುದಿನಕ್ಕೆ ಹುಳಿಯುತ್ತದೆ.

ಅಂಗಡಿಯ ಅಕ್ಕಿ ಹಿಟ್ಟಿನ ಪ್ಯಾಕೆಟ್ಟಿನಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಒಣ ಅಕ್ಕಿಯನ್ನು ಬೀಸುವಾಗ ಬಿಸಿಗೂ ಉಜ್ಜಾಟಕ್ಕೂ ಪಿಷ್ಟದ ಕಣಗಳು ಒಡೆಯುತ್ತವೆ, ಒಡೆದ ಕಣ ಸಿಕ್ಕ ನೀರನ್ನೆಲ್ಲ ಹೀರುತ್ತದೆ. ಪಾಕದಲ್ಲಿ ಇದ್ದಷ್ಟು ನೀರನ್ನೂ ಅದು ಎಳೆದುಕೊಂಡು ಮಿಶ್ರಣ ಬಿರುಕು ಬಿಡುತ್ತದೆ. ನೆನೆದ ಅಕ್ಕಿ ಮೃದುವಾಗಿರುವುದರಿಂದ ಹೆಚ್ಚು ಪೆಟ್ಟಿಲ್ಲದೆ ನುಣ್ಣಗಾಗುತ್ತದೆ.

ಬೆಲ್ಲ ಆರಿಸುವಾಗ

ಬಣ್ಣಕ್ಕೆ ಮರುಳಾಗಬೇಡಿ. ಹಳದಿ ಬಿಳುಪಿನ ಬೆಲ್ಲಕ್ಕೆ ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ ರಾಸಾಯನಿಕ ಬಳಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಂದು ಬಣ್ಣದ, ಗಟ್ಟಿಯಾದ, ಒಡೆದರೆ ಒಳಗೆ ಹರಳು ಕಾಣುವ ಉಂಡೆ ಬೆಲ್ಲವೋ ಅಚ್ಚು ಬೆಲ್ಲವೋ ತನ್ನಿ. ಕೈಗೆ ಜಿಗುಟಾಗಿ ಹತ್ತುವ, ಮಳೆಗಾಲದಲ್ಲಿ ಬೆವರುವ ಬೆಲ್ಲದಲ್ಲಿ ಹರಳುಗಟ್ಟದ ಸಕ್ಕರೆ ಹೆಚ್ಚು, ಅದರ ಪಾಕ ಎಷ್ಟು ಕುದಿಸಿದರೂ ಉಂಡೆಗೆ ಬರಲು ಸತಾಯಿಸುತ್ತದೆ. ಅಂಥದ್ದೇ ಸಿಕ್ಕಿದ್ದರೆ 750ರಲ್ಲಿ 50 ಗ್ರಾಂ ಬೆಲ್ಲ ತೆಗೆದು ಅಷ್ಟೇ ಸಕ್ಕರೆ ಹಾಕಿ. ಪಾಕಕ್ಕೆ ಹಿಡಿತ ಬರುತ್ತದೆ, ರುಚಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಪಾಕ

ದಪ್ಪ ತಳದ ಅಗಲ ಪಾತ್ರೆಯಲ್ಲಿ ಕುಟ್ಟಿದ ಬೆಲ್ಲ, ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕರಗಿದ ಕೂಡಲೇ ಸೋಸಿ, ಬೆಲ್ಲದಲ್ಲಿ ಮಣ್ಣು, ಕಬ್ಬಿನ ಸಿಪ್ಪೆ ಇದ್ದೇ ಇರುತ್ತದೆ. ಪಾತ್ರೆ ತೊಳೆದು ಪಾಕವನ್ನು ಮತ್ತೆ ಒಲೆಗಿಡಿ, ಉರಿ ಮಧ್ಯಮ. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ತಣ್ಣೀರು, ಹಿಟ್ಟಿನ ಪಾತ್ರೆ, ಏಲಕ್ಕಿ, ಗಸಗಸೆ, ಎಳ್ಳು, ಮರದ ಸೌಟು, ಎಲ್ಲ ತಯಾರಿರಲಿ. ಪಾಕ ಬಂದ ಮೇಲೆ ಹುಡುಕುವಷ್ಟು ಸಮಯ ಇರುವುದಿಲ್ಲ. ಹಿಟ್ಟಿನಲ್ಲಿ ಒಂದು ಬಟ್ಟಲಿನಷ್ಟನ್ನು ಬೇರೆ ತೆಗೆದಿಡಿ, ಅದು ಕೊನೆಯ ಆಪತ್ತಿಗೆ, ಕರಿಯುವ ತನಕ ಫ್ರಿಜ್ಜಿನಲ್ಲಿರಲಿ.

ಮೊದಲು ದೊಡ್ಡ ನೊರೆ ಏಳುತ್ತದೆ. ಆ ನೊರೆ ಇಳಿದು, ಗುಳ್ಳೆ ಚಿಕ್ಕದಾಗಿ, ದಪ್ಪಗಾಗಿ, ನಿಧಾನವಾಗಿ ಒಡೆಯಲು ಶುರುವಾದಾಗ ಎಚ್ಚರವಾಗಿ. ಈಗಿಂದ ಅರ್ಧ ನಿಮಿಷಕ್ಕೊಮ್ಮೆ ತಟ್ಟೆಯ ನೀರಿಗೆ ನಾಲ್ಕು ತೊಟ್ಟು ಬಿಟ್ಟು ನೋಡುತ್ತಿರಬೇಕು. ಬಿಟ್ಟದ್ದು ನೀರಲ್ಲಿ ಕದಡಿಹೋದರೆ ಪಾಕ ಇನ್ನೂ ಎಳೆಯದು. ತಳದಲ್ಲಿ ಕೂತು, ಬೆರಳಿನಿಂದ ಗೋರಿದರೆ ಜಾರಿ ಕೈಗೆ ಬಾರದಿದ್ದರೆ ಹತ್ತಿರ ಬಂದಿದೆ. ಗೋರಿದ್ದು ಒಟ್ಟುಗೂಡಿ ಮೆತ್ತನೆಯ ಉಂಡೆಯಾಗಿ, ನೀರಿನಿಂದ ಮೇಲೆತ್ತಿ ಬೆರಳ ತುದಿಯಲ್ಲಿ ಇಟ್ಟರೆ ನಿಧಾನಕ್ಕೆ ಚಪ್ಪಟೆಯಾಗುತ್ತಾ ಬಂದರೆ ಅದೇ ಹದ, ಉಂಡೆ ಪಾಕ. ತಟ್ಟೆಗೆ ಹೊಡೆದರೆ ಟಣ್ ಎನ್ನುವ ಉಂಡೆ ಕಡಲೆಬೀಜದ ಚಿಕ್ಕಿಗೆ ಸರಿ, ಕಜ್ಜಾಯಕ್ಕೆ ಮೀರಿದ್ದು. ಜಾರುವ ಹಂತಕ್ಕೂ ಟಣ್ ಎನ್ನುವ ಹಂತಕ್ಕೂ ನಡುವೆ ಇರುವುದು ಕೆಲವೇ ನಿಮಿಷ. ಅದಕ್ಕೇ ಪರೀಕ್ಷೆ ಮಾಡುವಾಗಲೆಲ್ಲ ಉರಿ ಪೂರ್ತಿ ತಗ್ಗಿಸಿ ಅಥವಾ ಆರಿಸಿ. ನೀವು ಉಂಡೆ ಮುಟ್ಟಿ ನೋಡುತ್ತಿರುವಾಗಲೂ ಒಲೆಯ ಮೇಲಿನ ಪಾಕ ಮುಂದೆ ಹೋಗುತ್ತಲೇ ಇರುತ್ತದೆ.

ಅಡುಗೆ ಥರ್ಮಾಮೀಟರ್ ಇಟ್ಟುಕೊಂಡವರು ಒಂದು ಮಾತು ಗಮನಿಸಬೇಕು. ಪಾಕ ಕುದಿಯುವ ಬಿಸಿ ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನು ಹೇಳುತ್ತದೆ. ನೀರು ಹೋದಂತೆ ಬಿಸಿ ಏರುತ್ತದೆ. ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಮೆತ್ತನೆ ಉಂಡೆ ಪಾಕಕ್ಕೆ 112ರಿಂದ 116 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ತುಮಕೂರು, ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ, ಚಿಕ್ಕಬಳ್ಳಾಪುರ 900ರ ಸುಮಾರಿನಲ್ಲಿದೆ. ಇಲ್ಲಿ ಬರೀ ನೀರೇ 97 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ. ಪಾಕವೂ ಅಷ್ಟೇ ಇಳಿಯುತ್ತದೆ. ಇಲ್ಲಿ 116ಕ್ಕೆ ಕಾದವರ ಪಾಕ ಹದ ಮೀರಿರುತ್ತದೆ. ಮೊದಲು ನಿಮ್ಮ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಳಿಸಿ ನೋಡಿ, ಅದು ತೋರಿಸುವ ಅಂಕಿಗೆ 13 ಸೇರಿಸಿ. 97 ತೋರಿಸಿದರೆ 110ರಲ್ಲಿ ಒಲೆ ಆರಿಸಿ. ಹೀಗೆ ಮಾಡಿದರೆ ಥರ್ಮಾಮೀಟರಿನ ಸಣ್ಣ ದೋಷವೂ ಲೆಕ್ಕದೊಳಗೇ ಸರಿಹೋಗುತ್ತದೆ. ಆದರೂ ತಟ್ಟೆಯ ನೀರಿನ ಪರೀಕ್ಷೆ ಬಿಡಬೇಡಿ. ಜಿಗುಟು ಬೆಲ್ಲವಾದರೆ ಅಂಕಿ ಸರಿಯಿದ್ದೂ ಉಂಡೆ ಬಾರದಿರಬಹುದು, ಕೊನೆಯ ಮಾತು ಉಂಡೆಯದೇ.

ಹದ ಮೀರಿತೆಂದು ಅನ್ನಿಸಿದರೆ ಗಾಬರಿ ಬೇಡ. ಹಿಟ್ಟು ಬೀಳುವ ತನಕ ಪಾಕದ ತಪ್ಪು ತಪ್ಪೇ ಅಲ್ಲ. ಸೀದ ವಾಸನೆ ಬಂದಿರದಿದ್ದರೆ ಕಾಲು ಬಟ್ಟಲು ಬಿಸಿನೀರು ಹಾಕಿ ಕರಗಿಸಿ, ಮತ್ತೆ ಕುದಿಸಿ ಹದಕ್ಕೆ ತನ್ನಿ. ಹಿಟ್ಟು ಬಿದ್ದ ಮೇಲೆ ಮಾತ್ರ ತಿದ್ದುವುದು ಕಷ್ಟ. ಇದೊಂದು ತಿಳಿದಿದ್ದರೆ ಪಾಕದ ಮುಂದೆ ಕೈ ನಡುಗುವುದಿಲ್ಲ.

ಹಿಟ್ಟು ಬೆರೆಸಿ, ಒಂದು ರಾತ್ರಿ ಇಡುವುದು

ಒಲೆ ಆರಿಸಿ, ತುಪ್ಪ, ಏಲಕ್ಕಿ, ಗಸಗಸೆ, ಎಳ್ಳು, ಉಪ್ಪು, ಕೊಬ್ಬರಿ ಹಾಕಿ ಒಮ್ಮೆ ತಿರುವಿ. ಒಬ್ಬರು ಹಿಟ್ಟನ್ನು ಹಿಡಿಹಿಡಿಯಾಗಿ ಉದುರಿಸುತ್ತಿರಲಿ, ಇನ್ನೊಬ್ಬರು ಮರದ ಸೌಟಿನಿಂದ ಬಿಡದೆ ತಿರುವಲಿ. ಪಾತ್ರೆ ಅಲುಗದಂತೆ ಒಂದು ಕೈ ಬೇಕು, ಇದು ಇಬ್ಬರ ಕೆಲಸ. ಒಟ್ಟಿಗೆ ಸುರಿದರೆ ಒಳಗೆ ಹಿಟ್ಟಿನ ಗಂಟು ಉಳಿಯುತ್ತದೆ, ಅದು ಬಿಳಿ ಚುಕ್ಕೆಯಾಗಿ ಕರಿದ ಮೇಲೂ ಕಾಣುತ್ತದೆ. ತೆಗೆದಿಟ್ಟ ಬಟ್ಟಲು ಬಿಟ್ಟು ಉಳಿದ ಹಿಟ್ಟು ಪೂರ್ತಿ ಹಿಡಿಯಲೇಬೇಕೆಂದೇನಿಲ್ಲ. ಸೌಟಿನಿಂದ ಎತ್ತಿ ಬಿಟ್ಟರೆ ದಪ್ಪಗೆ, ತುಂಡುತುಂಡಾಗಿ ಜಾರಿ ಬೀಳುವಂತಾದರೆ ನಿಲ್ಲಿಸಿ. ಬಿಸಿಯಲ್ಲಿ ಚಪಾತಿ ಹಿಟ್ಟಿನಷ್ಟು ಗಟ್ಟಿ ಮಾಡಿದರೆ ಆರಿದ ಮೇಲೆ ಮುರಿಯಲು ಸುತ್ತಿಗೆ ಬೇಕಾಗುತ್ತದೆ. ಬಿಸಿಯಲ್ಲಿ "ಸ್ವಲ್ಪ ಸಡಿಲವಾಯಿತೇನೋ" ಎನ್ನಿಸುವುದೇ ಸರಿಯಾದ ಹದ.

ಮೇಲೆ ಒಂದು ಚಮಚ ತುಪ್ಪ ಸವರಿ, ಬಿಸಿ ಇಳಿದ ಮೇಲೆ ಮುಚ್ಚಿ ಒಂದು ರಾತ್ರಿ ಬಿಡಿ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದ ಬೆವರು ಹಿಟ್ಟಿಗೆ ತೊಟ್ಟಿಕ್ಕುತ್ತದೆ. ಈ ಒಂದು ರಾತ್ರಿಯಲ್ಲಿ ಪಾಕದ ಸಿಹಿಯೂ ಹಿಟ್ಟಿನ ತೇವವೂ ಪರಸ್ಪರ ಹಂಚಿಹೋಗಿ ಇಡೀ ಮುದ್ದೆ ಒಂದೇ ಹದಕ್ಕೆ ಬರುತ್ತದೆ. ಕಲಸಿದ ಅರ್ಧ ಗಂಟೆಗೇ ಕರಿದರೂ ಕಜ್ಜಾಯ ಆಗುತ್ತದೆ, ಆದರೆ ಅಂಚು ಒಡೆಯುತ್ತದೆ, ಮರುದಿನದ ಮೃದುತ್ವ ಇರುವುದಿಲ್ಲ. ಅವಸರ ಮಾಡಬಾರದ ಜಾಗ ಇದೊಂದೇ. ಥಂಡಿ ಕಾಲದಲ್ಲಿ ಈ ಹಿಟ್ಟು ಹೊರಗೆ ಎರಡು ಮೂರು ದಿನ ಇರುತ್ತದೆ, ಫ್ರಿಜ್ಜಿನಲ್ಲಿ ವಾರ. ನೋಮಿನ ಮನೆಯವರು ಹಬ್ಬದ ಎರಡು ದಿನ ಮೊದಲೇ ಕಲಸಿಟ್ಟುಕೊಂಡರೆ ಪೂಜೆಯ ಹಿಂದಿನ ದಿನ ಕರಿಯುವುದಷ್ಟೇ ಬಾಕಿ.

ಕರಿಯುವುದು

ಕಡಲೆಕಾಯಿ ಎಣ್ಣೆ ರುಚಿಗೆ ಮೊದಲು. ಪಾವಗಡ, ಶಿರಾ, ಚಿಂತಾಮಣಿಯಂಥ ಕಡಲೆಕಾಯಿ ಬೆಳೆಯುವ ಕಡೆ ಬೇರೆ ಎಣ್ಣೆ ನೆನಪಿಗೂ ಬರುವುದಿಲ್ಲ. ಗಾಣದ ಎಣ್ಣೆ ರಿಫೈನ್ಡ್‌ಗಿಂತ ಬೇಗ ಹೊಗೆಯಾಡುತ್ತದೆ. ಕಜ್ಜಾಯಕ್ಕೆ ಹೇಗೂ ಜೋರು ಉರಿ ಬೇಡವಾದ್ದರಿಂದ ಅದು ತೊಂದರೆಯಲ್ಲ. 150ರಿಂದ 160 ಡಿಗ್ರಿ ಸಾಕು. ಕಡಲೆಕಾಳಿನಷ್ಟು ಹಿಟ್ಟು ಬಿಟ್ಟರೆ ತಳಕ್ಕೆ ಹೋಗಿ ಮೂರು ನಾಲ್ಕು ಸೆಕೆಂಡಿನಲ್ಲಿ ನಿಧಾನವಾಗಿ ಮೇಲೆ ಬರಬೇಕು. ಬಿಟ್ಟ ಕೂಡಲೇ ಮೇಲೆ ಚಿಮ್ಮಿದರೆ ಉರಿ ತಗ್ಗಿಸಿ. ಬೆಲ್ಲ ಇರುವ ಹಿಟ್ಟು ಬೇಗ ಕೆಂಪಾಗುತ್ತದೆ, ಎಣ್ಣೆ ಜಾಸ್ತಿ ಕಾದಿದ್ದರೆ ಹೊರಗೆ ಬಣ್ಣ ಬಂದಾಗ ಒಳಗೆ ಹಸಿಯೇ ಇರುತ್ತದೆ.

ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ತುಪ್ಪ ಸವರಿದ ಬಾಳೆ ಎಲೆಯ ಮೇಲೆ ತಟ್ಟಿ. ಅಗಲ ಏಳೆಂಟು ಸೆಂಟಿಮೀಟರ್, ದಪ್ಪ ಕಿರುಬೆರಳಿನ ಅರ್ಧ. ಅಂಚು ತೆಳ್ಳಗಾದರೆ ಅದು ಮೊದಲು ಸೀಯುತ್ತದೆ, ನಡು ಅಂಚು ಒಂದೇ ದಪ್ಪ ಇರಲಿ. ಎಲೆಯಿಂದ ಅಂಗೈಗೆ, ಅಂಗೈಯಿಂದ ಬಾಂಡ್ಲಿಯ ಅಂಚಿಗೆ ಜಾರಿಸಿ. ತಳಕ್ಕಿಳಿದ ಕಜ್ಜಾಯವನ್ನು ಸೌಟಿನಿಂದ ಕೆದಕಬೇಡಿ, ಆ ಕ್ಷಣದಲ್ಲಿ ಅದು ಮೆತ್ತಗಿರುತ್ತದೆ. ತಾನಾಗಿ ತೇಲಿ ಬಂದ ಮೇಲೆ ಒಮ್ಮೆ ತಿರುವಿ. ಒಂದೊಂದು ಕಡೆಗೆ ಸುಮಾರು ಒಂದು ನಿಮಿಷ. ಚಿಕ್ಕ ಬಾಂಡ್ಲಿಯಲ್ಲಿ ಒಂದೇ, ದೊಡ್ಡದರಲ್ಲಿ ಎರಡು ಮೂರು. ಒತ್ತಾಗಿ ಬಿಟ್ಟರೆ ಒಂದಕ್ಕೊಂದು ಅಂಟುತ್ತವೆ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಒಳಗಿನ ಬಿಸಿಗೆ ಕೆಂಪೇರುತ್ತದೆ.

ತೆಗೆದ ಕೂಡಲೇ ಎರಡು ಜಾಲರಿ ಸೌಟುಗಳ ನಡುವೆ ಇಟ್ಟು ಬಾಂಡ್ಲಿಯ ಮೇಲೇ ಒತ್ತಿ. ಒಂದು ಕಜ್ಜಾಯದಿಂದ ಒಂದು ಚಮಚದಷ್ಟು ಎಣ್ಣೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ತಣ್ಣಗಾದ ಮೇಲೆ ಎಷ್ಟು ಒತ್ತಿದರೂ ಎಣ್ಣೆ ಬಿಡುವುದಿಲ್ಲ, ಮುರಿಯುತ್ತದಷ್ಟೇ. ಹೆಚ್ಚು ಮಾಡುವ ಮನೆಗಳಲ್ಲಿ ಎರಡು ಮರದ ಮಣೆಗಳ ನಡುವೆ ಒತ್ತುತ್ತಾರೆ, ಆಕಾರವೂ ಚಪ್ಪಟೆಯಾಗಿ ಒಂದೇ ಸಮ ಬರುತ್ತದೆ.

ಮೊದಲು ಒಂದನ್ನು ಮಾತ್ರ ಬಿಟ್ಟು ನೋಡಬೇಕು. ನೋಮಿನ ಕಜ್ಜಾಯವನ್ನು ಪೂಜೆಗೆ ಮುಂಚೆ ರುಚಿ ನೋಡುವಂತಿಲ್ಲ, ಮುರಿದು ನೋಡಿದರೂ ವಿಷಯ ಗೊತ್ತಾಗುತ್ತದೆ. ಒಳಗೆ ಒಂದೇ ಬಣ್ಣ, ತೇವದ ಎಳೆ ಕಂಡರೆ ಸರಿ.

ಆ ಒಂದು ಕಜ್ಜಾಯ ಎಣ್ಣೆಯಲ್ಲಿ ನೊರೆ ಎಬ್ಬಿಸಿ ಚೆದುರಿತು ಎಂದಿಟ್ಟುಕೊಳ್ಳಿ. ಪಾಕ ಎಳೆಯದಾಗಿತ್ತು ಅಥವಾ ಹಿಟ್ಟು ತೀರಾ ಒದ್ದೆಯಿತ್ತು. ತೆಗೆದಿಟ್ಟ ಬಟ್ಟಲು ಹಿಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ ನಾದಿ, ಮತ್ತೊಂದು ಬಿಡಿ. ಅದೂ ಸಾಲದಿದ್ದರೆ ಎರಡು ಚಮಚ ಗೋಧಿ ಹಿಟ್ಟು ಕಾಪಾಡುತ್ತದೆ; ಅದರ ಅಂಟು ಪಾಕ ಮಾಡಬೇಕಾದ ಕೆಲಸ ಮಾಡುತ್ತದೆ, ರುಚಿ ಮಾತ್ರ ಅಷ್ಟಕ್ಕಷ್ಟೆ. ತಟ್ಟುವಾಗಲೇ ಅಂಚು ಬಿರಿಯುತ್ತಿದ್ದರೆ ಇದಕ್ಕೆ ವಿರುದ್ಧ ದೋಷ: ಪಾಕ ಮೀರಿದೆ ಅಥವಾ ಹಿಟ್ಟು ಒಣಗಿತ್ತು. ಬೇಕಾದಷ್ಟು ಹಿಟ್ಟನ್ನು ಮಾತ್ರ ತೆಗೆದುಕೊಂಡು ಬೆಚ್ಚಗಿನ ಹಾಲನ್ನು ಚಮಚದ ಲೆಕ್ಕದಲ್ಲಿ ಚಿಮುಕಿಸಿ ಚೆನ್ನಾಗಿ ನಾದಿ. ಚೆನ್ನಾಗಿ ಕಳಿತ ಬಾಳೆಹಣ್ಣು ಹಿಸುಕಿ ಹಾಕಿದರೂ ಮೆತ್ತಗಾಗುತ್ತದೆ. ಹಾಲು, ಹಣ್ಣು ಸೇರಿದ್ದನ್ನು ಎರಡು ಮೂರು ದಿನದಲ್ಲಿ ಖರ್ಚು ಮಾಡಬೇಕು.

ಚೆದುರದೆ ಬಂದರೂ ಎಣ್ಣೆ ಕುಡಿದು ಭಾರವಾಗಿದ್ದರೆ ಎಣ್ಣೆ ಸಾಕಷ್ಟು ಕಾದಿರಲಿಲ್ಲ, ಇಲ್ಲವೇ ಹಿಟ್ಟು ತರಿಯಾಗಿತ್ತು. ಬಿಸಿಯಲ್ಲಿ ಮೃದುವಾಗಿದ್ದು ಮರುದಿನ ಗಟ್ಟಿಯಾದರೆ ಹೆಚ್ಚು ಹೊತ್ತು ಕರಿದದ್ದೂ ಕಾರಣವಿರಬಹುದು, ಪಾಕ ಒಂದನ್ನೇ ದೂರಬೇಡಿ. ಗಟ್ಟಿಯಾದದ್ದನ್ನು ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗಿಟ್ಟು ಆಗಲೇ ತಿನ್ನಬಹುದು.

ಕರಿದ ಕಜ್ಜಾಯಗಳನ್ನು ಒಂದರ ಮೇಲೊಂದು ಪೇರಿಸದೆ, ಒಂದೆರಡು ಗಂಟೆ ಪೂರ್ತಿ ಆರಲು ಬಿಟ್ಟು ಸ್ಟೀಲ್ ಡಬ್ಬಿಗೆ ತುಂಬಿ. ನೀರು ತಾಗದ ಕೈಯಲ್ಲಿ ತೆಗೆದರೆ ಹತ್ತು ಹದಿನೈದು ದಿನ ಕೆಡುವುದಿಲ್ಲ. ಕರಿದು ಉಳಿದ ಎಣ್ಣೆಯ ತಳದಲ್ಲಿ ಬೆಲ್ಲದ ಕಪ್ಪು ಗಸಿ ಕೂತಿರುತ್ತದೆ. ಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಒಂದು ವಾರದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ, ಗಸಿಯನ್ನು ಚೆಲ್ಲಿ. ಅದೇ ಎಣ್ಣೆಯಲ್ಲಿ ಮತ್ತೆ ಚಕ್ಕುಲಿಯೋ ನಿಪ್ಪಟ್ಟೋ ಕರಿಯಲು ಹೋದರೆ ಉಳಿದ ಬೆಲ್ಲ ಸೀದು ಅವು ಕಪ್ಪಾಗುತ್ತವೆ. ಖಾರದ ತಿಂಡಿಗಳಿದ್ದರೆ ಅವನ್ನು ಮೊದಲು ಕರಿದು, ಕಜ್ಜಾಯವನ್ನು ಕೊನೆಗಿಟ್ಟುಕೊಳ್ಳಿ.